ಬೆಳ್ಳಗಾದ ಹಂಚು

ಒಲೆಯ ಹಂಚನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದಿದ್ದೆ. ಬಿಚ್ಚಿ ಅವಳ ಕೈಗೆ ಕೊಟ್ಟಾಗ ಬಿಸಿಲು ಅದರ ಮೇಲೆ ಬಿದ್ದು ಅವಳ ಗದ್ದದ ಕೆಳಗೆಲ್ಲ ಬೆಳಕಾಯಿತು. ಅಷ್ಟು ಬೆಳ್ಳಗಾಗಿತ್ತು.

‘‘ಹೆಂಗೈತಿ?’’ ಅಂದೆ. ಹೊಗಳುತ್ತಾಳೆ ಅಂತ ಕಾದೆ.

ತ್ರಿವೇಣಿ ತಿರುವಿ ನೋಡಿದಳು. ಬೆರಳಿಂದ ಸವರಿದಳು.

‘‘ಇದು ಯಾರದ್ರಿ?’’

‘‘ನಿಮ್ಮದ.’’

ಪೇಪರನ್ನು ಮೊದಲಿನಂತೆಯೇ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಅವತ್ತು ಒಲೆ ಹಚ್ಚದೆ ಖಾನಾಪುರದ ಬಸ್ಸು ಹತ್ತಿಬಿಟ್ಟಳು.

ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಗ್ರೈಂಡರ್ ಹಿಡಿಯುವವನು. ಎರಕ ಹೊಯ್ದು ಆರಿದ ಮಾಲಿನ ಒರಟು ಅಂಚು ಕೆರೆಯುವುದು ಕೆಲಸ. ಎಂಟನೇ ಇಯತ್ತೆಯಲ್ಲಿದ್ದಾಗ ಮಾಸ್ತರರು ನನ್ನ ಚೀಲ ಹೊರಗೆ ಒಗೆದರು. ಚೀಲ ತರಲು ಹೋದವನು ಒಳಗೆ ಬರಲೇ ಇಲ್ಲ. ಆಗಿನಿಂದ ಸಿಟ್ಟು ನನ್ನ ಸಂಗಡವೇ ಇದೆ, ಅನಗೋಳದ ನನ್ನ ಖೋಲಿಯಲ್ಲಿ ಇನ್ನೊಬ್ಬ ಬಾಡಿಗೆದಾರನ ಹಾಗೆ. ಸೂಪರ್‌ವೈಸರ್ ಜೊತೆ ವಾರಕ್ಕೊಂದು ಜಗಳ. ಗೇಟಿನ ಹೊರಗೆ ತ್ರಿವೇಣಿಯ ಗಾಡಿಯ ಮುಂದೆ ನಿಂತಾಗ ಮಾತ್ರ ಆ ಸಿಟ್ಟು ಎಲ್ಲೋ ಹೋಗಿ ಕೂರುತ್ತಿತ್ತು.

ಗಾಡಿ ಮೊದಲು ಅವಳ ಅವ್ವ ಪದ್ಮವ್ವನದು. ಪದ್ಮವ್ವ ಹೋದ ವರ್ಷ ತೀರಿಕೊಂಡ ಮೇಲೆ ಮಗಳು ಖಾನಾಪುರದಿಂದ ಮೊದಲ ಬಸ್ಸಿಗೆ ಬರತೊಡಗಿದಳು. ಅವಳು ಹುಯ್ಯುತ್ತಿದ್ದದ್ದು ಆಂಬೋಳಿ. ದೋಸೆಯ ತಂಗಿ ಅನ್ನಬೇಕು. ದಪ್ಪ, ಮೆತ್ತಗೆ, ಮೈತುಂಬ ತೂತು.

‘‘ಸಾಲಿ ಬಿಟ್ಟ ಸಾಹೇಬ್ರು, ಇವತ್ತ ಯಾರ ಜೋಡಿ ಜಗಳಾ?’’

‘‘ಇನ್ನೂ ಆಗಿಲ್ಲ. ನೀವ ಒಂದ ಶುರು ಮಾಡ್ರಿ.’’

‘‘ನನಗ ಪುರಸೊತ್ತಿಲ್ರಿ. ಮೊದ್ಲ ತಿನ್ರಿ.’’

ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಸೌಟಿನ ಕಡೆ ನೋಡಿ ನಗುತ್ತಿದ್ದಳು. ಆದರೆ ಅಂಚು ಕೆಂಪಗೆ ಗರಿಯಾದ ಆಂಬೋಳಿ ಪ್ರತಿ ಸಲ ನನ್ನ ತಾಟಿಗೇ ಬೀಳುತ್ತಿತ್ತು.

ಬೀಡುಕಬ್ಬಿಣದ ಹಂಚದು, ಇಪ್ಪತ್ತೆರಡು ವರ್ಷದ್ದು. ತಳದಲ್ಲೊಂದು ಗಂಟಿತ್ತು, ಒಲೆಯ ಮೇಲೆ ಅಲ್ಲಾಡುತ್ತಿತ್ತು. ‘‘ಅದೊಂದ ಕೆರದ ಕೊಡ್ತೀರೇನ್ರಿ?’’ ಅಂದಿದ್ದಳು. ಕೇಳಿದ್ದು ಅಷ್ಟೇ. ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಗಂಟು ಕೆರೆದ ಮೇಲೆ ಹಂಚನ್ನು ಶಾಟ್ ಬ್ಲಾಸ್ಟ್ ಮಷೀನಿಗೆ ಹಾಕಿದೆ. ಸಣ್ಣ ಉಕ್ಕಿನ ಗುಂಡುಗಳು ಬಡಿದು ಮಾಲಿನ ಮೇಲಿನ ಮಸಿ, ಮರಳು ಎಲ್ಲ ಕಿತ್ತು ತೆಗೆಯುತ್ತವೆ. ನಮ್ಮ ಕಣ್ಣಿಗೆ ಕಪ್ಪು ಅಂದರೆ ಹೊಲಸು. ಬೆಳ್ಳಗಾದರೆ ಮಾಲು ಪಾಸು.

ಅವಳು ಹೋದ ಮೇಲೆ ಎರಕ ಹೊಯ್ಯುವ ಭರಮಪ್ಪಣ್ಣನಿಗೆ ಇದನ್ನು ಹೇಳಿದಾಗ ಅವನು ಚಹಾದ ಲೋಟ ಕೆಳಗಿಟ್ಟ.

‘‘ಅಲ್ಲೋ ಅಮರ, ಆ ಕಪ್ಪ ಹೊಲಸಲ್ಲೋ. ಎಣ್ಣಿ ಕುಡದ ಕುಡದ ಆಗಿರ್ತೈತಿ. ಅದಿದ್ರನ ಹಿಟ್ಟ ಅಂಟದಂಗ ಏಳೂದು. ಪದ್ಮವ್ವನ ಇಪ್ಪತ್ತೆರಡ ವರ್ಷಾ ಹತ್ತ ನಿಮಿಷದಾಗ ಕೆತ್ತಿ ಒಗದೀಯಲ್ಲೋ.’’

ಅವತ್ತು ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಬಂದಿದ್ದರೆ ಚಲೋ ಇತ್ತು.

ವಾರವಾದರೂ ಗಾಡಿ ಬರಲಿಲ್ಲ. ರವಿವಾರ ನಾನೇ ಖಾನಾಪುರಕ್ಕೆ ಹೋದೆ. ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹಂಚು ಕಟ್ಟೆಯ ಮೇಲಿತ್ತು, ಕೆಂಪಗೆ ತುಕ್ಕು ಹಿಡಿದು.

‘‘ಬೈರಿ ನನಗ,’’ ಅಂದೆ. ‘‘ಬೇಕಾದ್ರ ಎರಡ ಬಾರಸ್ರಿ.’’

‘‘ಯಾಕ್ರಿ?’’

‘‘ಸಿಟ್ಟ ಬಂದಿಲ್ಲೇನು?’’

ಒದ್ದೆ ಚಾದರ ಕೊಡವಿದಳು. ‘‘ಬರಬೇಕಿತ್ರಿ. ಅವ್ವ ಹೋದಾಗ ಅಳೂನೂ ಬರಬೇಕಿತ್ತು. ಏನೂ ಬರವಲ್ದು.’’

ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದಳು.

ನನ್ನ ಕೈಗಳು ಪ್ಯಾಂಟಿನ ಜೇಬಿನಲ್ಲಿದ್ದವು. ಗ್ರೈಂಡರಿನ ನಡುಕಕ್ಕೆ ಬೆರಳು ಜೋಮು ಹಿಡಿದು ಎರಡು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಅವಳಿಗೂ ಹೇಳಲಿಲ್ಲ.

‘‘ಹಂಚ ನಾ ಮತ್ತ ಕರೀ ಮಾಡಿ ಕೊಡ್ತೀನಿ. ಎಷ್ಟ ರವಿವಾರ ಆದ್ರೂ ಆಗ್ಲಿ.’’

‘‘ನಿಮ್ಮ ಖುಷಿ.’’

ತುಕ್ಕು ತಿಕ್ಕಿ ತೊಳೆದು, ಒಂದು ಹನಿ ನೀರೂ ಉಳಿಯದಂತೆ ಒಲೆಯ ಮೇಲೆ ಆರಿಸಿದೆ. ಕುಸುಬಿ ಎಣ್ಣೆ ಸವರಿ, ಅದನ್ನೇ ಮತ್ತೆ ಬಟ್ಟೆಯಿಂದ ಒರೆಸಿ ತೆಗೆದೆ. ಎಣ್ಣೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗಿರಬೇಕು, ಹೆಚ್ಚಾದರೆ ಅಂಟಂಟಾಗುತ್ತದೆ. ಹೊಗೆ ಏಳುವವರೆಗೆ ಕಾಯಿಸುವುದು, ತಾನಾಗಿ ಆರಲು ಬಿಡುವುದು, ಮತ್ತೆ ಸವರುವುದು. ಎಲ್ಲ ಅವಳೇ ಹೇಳಿಕೊಟ್ಟಳು, ಎದುರು ಕೂತು, ಒಂದೊಂದೇ ಮಾತಿನಲ್ಲಿ.

‘‘ಸಾಕು.’’ ‘‘ಒರಸ್ರಿ.’’ ‘‘ಗಡಿಬಿಡಿ ಬ್ಯಾಡ.’’ ‘‘ಆರ್ಲಿ.’’

ಆರಲು ಬಿಡುವ ಕೆಲಸ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಮೂರನೇ ರವಿವಾರ ಹಿಟ್ಟು ಹುಯ್ದು ನೋಡಿದೆವು. ಕಚ್ಚಿ ಹಿಡಿಯಿತು. ಕೆರೆದು ಎಬ್ಬಿಸಿದ ಚೂರನ್ನು ನಾನು ಬಾಯಿಗೆ ಹಾಕಿಕೊಂಡೆ.

‘‘ತಿನ್ನಬ್ಯಾಡ್ರಿ. ಅದು ನಾಯಿಗೆ.’’

‘‘ನಾಯಿಗೆ ಕೇಳ್ದೆ. ಒಲ್ಲೆ ಅಂತು.’’

ಅವಳ ತುಟಿಯ ಒಂದು ಕೊನೆ ಅಲ್ಲಾಡಿತು. ಅಷ್ಟನ್ನೇ ನೆನೆದು ನಾನು ವಾರವಿಡೀ ಕಳೆದೆ.

ಆರನೇ ರವಿವಾರ ಹಂಚು ಕಪ್ಪಾಗಿತ್ತು. ಹೊಳಪಿರಲಿಲ್ಲ, ಆದರೂ ಕಪ್ಪು. ಅವಳು ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಗೆ ಅದ್ದಿ ಹಂಚಿನ ಮೈಯೆಲ್ಲ ಉಜ್ಜಿ, ಹಿಟ್ಟು ಹುಯ್ದು ಮುಚ್ಚಿದಳು. ಮುಚ್ಚಳ ತೆಗೆದಾಗ ಆಂಬೋಳಿಯ ಅಂಚು ತಾನೇ ಎದ್ದು ನಿಂತಿತ್ತು. ಅವಳು ಉಸಿರು ಹಿಡಿದು ನೋಡುತ್ತಿದ್ದಳು. ಸೀದು ಹೋದೀತು ಅಂತ ನಾನು ಹಂಚಿನ ಹಿಡಿಕೆಯನ್ನು ಬರಿಗೈಯಲ್ಲಿ ಹಿಡಿದು ಕೆಳಗಿಳಿಸಿದೆ.

ಚುರ್ ಅಂತ ಸದ್ದಾಯಿತು. ಆಂಬೋಳಿಯದಲ್ಲ.

‘‘ಬಿಡು. ಅಮರ, ಕೈ ಬಿಡು. ಸುಡಾಕತ್ತೈತಿ, ಗೊತ್ತಾಗೂದಿಲ್ಲೇನ ನಿನಗ?’’

ನನ್ನ ಕೈಯನ್ನು ಎಳೆದು ನೀರಿನ ಬಕೆಟಿಗೆ ಅದ್ದಿದಳು. ‘‘ಖೋಡಿ. ಹಂಚ ಹಾಳ ಮಾಡಿದಿ, ಈಗ ಕೈ. ನಾ ಕೇಳಿದ್ದು ಒಂದ ಗಂಟ ಕೆರಿಯಂತ. ಇಡೀ ಅವ್ವನ್ನ ಕೆರದ ತಗೀ ಅಂದಿದ್ನೇನ ನಿನಗ?’’ ಬೈಯುತ್ತ ಬೈಯುತ್ತ ಅವಳ ದನಿ ಒಡೆಯಿತು. ಆಮೇಲೆ ಬೈಗುಳವೂ ಇಲ್ಲ. ಬಕೆಟಿನ ಅಂಚಿಗೆ ಹಣೆ ಹಚ್ಚಿ, ವರ್ಷದ ಅಳುವನ್ನೆಲ್ಲ ಅತ್ತಳು.

ಅವಳು ಕಣ್ಣೊರೆಸಿಕೊಂಡ ಮೇಲೆ ಹೇಳಿದೆ. ‘‘ಗೊತ್ತಾಗೂದಿಲ್ಲ. ಎರಡ ವರ್ಷಾತು, ಬೆರಳಿಗೆ ಬಿಸೀನೂ ಇಲ್ಲ, ತಂಪೂ ಇಲ್ಲ. ನಿನ್ನ ಗಾಡಿ ಮುಂದ ನಿಂತ್ರ ಮಾತ್ರ ಏನೋ ಒಂದ ಗೊತ್ತಾಗತಿತ್ತು. ಅದಕ್ಕ ಬರತಿದ್ದೆ. ಆಂಬೋಳಿಗೆ ಅಲ್ಲ.’’

ಅವಳು ನನ್ನನ್ನೇ ನೋಡಿದಳು. ಸೌಟು ಕೈಯಲ್ಲಿರಲಿಲ್ಲ, ನೋಡಲು ಬೇರೇನೂ ಇರಲಿಲ್ಲ.

‘‘ಗಾಡಿ ನಾಡದ ಹಚ್ಚೂಣು. ನಾಳೆ ಮೊದ್ಲ ನೆಹರು ನಗರದ ದವಾಖಾನ್ಯಾಗ ಈ ಕೈ ತೋರಸೂದು.’’

ನೀರಿನಿಂದ ಕೈ ಎತ್ತಿ, ಸುಡದೆ ಉಳಿದ ಕಿರುಬೆರಳನ್ನು ಮುಟ್ಟಿದಳು. ‘‘ಗೊತ್ತಾಗತೈತೇನು?’’

‘‘ಇಲ್ಲ.’’

ಅಂಗೈಯ ಅಂಚು. ‘‘ಇಲ್ಲಿ?’’

‘‘ಇಲ್ಲ.’’

ಮಣಿಕಟ್ಟು.

‘‘ಹೂಂ,’’ ಅಂದೆ. ‘‘ಅಲ್ಲಿ ಗೊತ್ತಾಗತೈತಿ.’’

‘‘ಹಂಗಾರ ಇಲ್ಲೇ ಹಿಡಕೋತೀನಿ.’’