ಅಳಿಸಿಹೋದ 'ದಿ'

ಮೊದಲ ಭೇಟಿಯಲ್ಲೇ ಅವನು ಅವಳು ಟೈಪ್ ಮಾಡಿದ್ದ ಇಂಗ್ಲಿಷ್ ಪತ್ರದ ಒಂದು ಪದವನ್ನು ಹೊಡೆದುಹಾಕಿದ.

"ಕಂಪನಿ ಹೆಸರಿಗೆ ಮುಂಚೆ 'ದಿ' ಯಾಕ್ರೀ?" ಅವಳ ಕೊರಳಿನ ಐಡಿ ಕಾರ್ಡಿನಲ್ಲಿ ಹೆಸರು ಓದಿದ. "ನಿಮ್ಮನ್ನ ಯಾರಾದ್ರೂ 'ದಿ ಗಂಗಾಂಬಿಕೆ' ಅಂತಾರಾ?"

ಶಿರಾ ಗೇಟಿನ ಆ ಡಿಟಿಪಿ ಅಂಗಡಿಯಲ್ಲಿ ಎಲ್ಲರೂ ನಕ್ಕರು. ಟೈಪ್ ಮಾಡುತ್ತಿದ್ದ ಗಂಗಾಂಬಿಕೆಯ ಕಿವಿ ಬಿಸಿಯಾಯಿತು. ಎಷ್ಟು ಕೊಬ್ಬು ಇವನಿಗೆ!

"ನೀವೇನು ಮೇಷ್ಟ್ರಾ?"

"ಅಲ್ಲ. ಚನ್ನೇಶ್ ಅಂತ. ಗುಬ್ಬೀಲಿ ತೆಂಗಿನ ನಾರಿನ ಸೊಸೈಟಿ ಗುಮಾಸ್ತ."

"ಗುಮಾಸ್ತರಿಗೇ ಇಷ್ಟು ಜಂಬ ಇದ್ರೆ, ಸೆಕ್ರೆಟರಿಗೆ ಎಷ್ಟಿರ್ಬೇಕು!"

ಈಗ ಅವನೂ ನಕ್ಕ.

ವರ್ಷ ಕಳೆಯುವುದರೊಳಗೆ ಆ ಜಗಳ ಪ್ರೀತಿಯಾಯಿತು. ಅವನ ಪಾಠವನ್ನು ಮಾತ್ರ ಅವಳು ಮರೆಯಲಿಲ್ಲ. ಅದೇ ಮುಳುವಾಯಿತು...

ಚನ್ನೇಶನಿಗೆ ಕಲಬುರಗಿಯಲ್ಲಿ ಸರ್ಕಾರಿ ಕೆಲಸ ಸಿಗುವುದಿತ್ತು. ವಯಸ್ಸು ಮೀರುತ್ತಿದ್ದುದರಿಂದ ಅದೇ ಕೊನೆಯ ಅವಕಾಶ. ಆ ಕೆಲಸವಾದರೆ ಮಾತ್ರ ಮದುವೆ ಎಂದಿದ್ದರು ಅವಳ ಅಪ್ಪ ವೀರಭದ್ರಯ್ಯ. ಅದಕ್ಕೆ ಬೇಕಾದ ಸೊಸೈಟಿಯ ಅನುಭವ ಪತ್ರವನ್ನು ಗಂಗಾಂಬಿಕೆಯೇ ಟೈಪ್ ಮಾಡಿದಳು. ಸೆಕ್ರೆಟರಿ ಓದದೆ ಸಹಿ ಹಾಕಿದರು.

ಪರಿಶೀಲನೆಯಲ್ಲಿ ಪತ್ರ ತಿರಸ್ಕೃತವಾಯಿತು. ಅವನ ಸೊಸೈಟಿ ನೋಂದಣಿಯಾಗಿದ್ದು 'ದಿ ಬಸವಶ್ರೀ ಕಾಯರ್ ವರ್ಕರ್ಸ್ ಸೊಸೈಟಿ' ಎಂದು. 'ದಿ' ಇಲ್ಲದ ಬಸವಶ್ರೀ ಬೇರೆಯೇ ಒಂದು ಸಂಘ. ಅದು ಮುಚ್ಚಿ ಎಂಟು ವರ್ಷ. ಮುಚ್ಚಿದ ಸಂಘದಿಂದ ಅನುಭವ ಪತ್ರ! ನಕಲಿ ಎಂದು ಬರೆದು ಆಯ್ಕೆಪಟ್ಟಿಯಿಂದ ಅವನ ಹೆಸರು ತೆಗೆದರು. ಆ ಮಾತು ಕಿವಿಗೆ ಬಿದ್ದಿದ್ದೇ ತಡ, ಸೊಸೈಟಿಯವರೂ ಅವನನ್ನು ಕೆಲಸದಿಂದ ಬಿಡಿಸಿದರು.

"ನಾನು ಬರ್ಕೊಟ್ಟಿದ್ರಲ್ಲಿ 'ದಿ' ಇತ್ತು. ನೀನ್ಯಾಕೆ ತೆಗ್ದೆ?" ಅಂಗಡಿಯಲ್ಲೇ ಕೂಗಿದ. "ಕಲಬುರಗಿ ದೂರ, ಹೋಗ್ಬೇಡ ಅಂತ ನೀನೇ ಹೇಳ್ತಿದ್ದೆ. ಬೇಕಂತ್ಲೇ ಮಾಡ್ದೆ ಅಲ್ವಾ?"

ಅವಳು ತಲೆ ಎತ್ತದೆ ಟೈಪ್ ಮಾಡುತ್ತಲೇ ಇದ್ದಳು. ಯಾಕೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಎರಡು ತಿಂಗಳು ಫೋನಿಲ್ಲ, ಮೆಸೇಜಿಲ್ಲ. ಶುಕ್ರವಾರ ಬೇರೆ ಗಂಡಿನ ಕಡೆಯವರು ಬರುತ್ತಾರೆ ಎಂದ ಅಪ್ಪನಿಗೆ ಹೇಳಬೇಕಾದ್ದನ್ನು ಹೇಳಿ, ಅವಳು ಬ್ಯಾಗು ಹಿಡಿದು ಚನ್ನೇಶನ ಊರಿಗೆ ಹೋಗುವ ಕುಣಿಗಲ್ ಬಸ್ಸು ಹತ್ತಿದಳು.

ಚನ್ನೇಶ್ ಮನೆ ಮುಂದೆ ಕೂತಿದ್ದ. ಗಡ್ಡ ಬೆಳೆದಿತ್ತು. ಎದ್ದೇಳಲಿಲ್ಲ.

"ಹೆಸರಿಗೆ ಮುಂಚೆ 'ದಿ' ಬರಲ್ಲ ಅಂತ ನೀನೇ ಹೇಳಿದ್ದೆ. ನಿನ್ನ ಪತ್ರದಲ್ಲಿ ತಪ್ಪಿರ್ಬಾರ್ದು ಅಂತ ತೆಗ್ದೆ ಕಣೋ."

ಅವನ ಮುಖ ಬಿಳಿಚಿತು. "ಅದು ಅರ್ಧ ಪಾಠ ಕಣೇ... ರಿಜಿಸ್ಟರ್ ಆದ ಹೆಸರಲ್ಲಿ 'ದಿ' ಇದ್ರೆ ಬಿಡೋ ಹಂಗಿಲ್ಲ. ಜಂಬಕ್ಕೆ ಹೇಳ್ಬುಟ್ಟೆ. ಆದ್ರೆ ಇದನ್ನ ನೀನು ಅವತ್ತೇ ಅಂಗಡೀಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪೂರ್ತಿ ಹೇಳ್ಬೇಕಿತ್ತು." ಅವಳು ಬ್ಯಾಗನ್ನು ನೆಲಕ್ಕಿಟ್ಟಳು. "ಕೆಲ್ಸ ಹೋಯ್ತು ಅಂದಾಗ... ಒಂದು ಕ್ಷಣ ನಂಗೆ ಖುಷಿಯಾಯ್ತು, ಚನ್ನೇಶ್. ನೀನು ದೂರ ಹೋಗಲ್ಲ ಅಂತ. ನಿನ್ನ ಬಾಳು ಮುಳುಗ್ತಿತ್ತು, ನಾನು ಖುಷಿಪಟ್ಟೆ."

ಎದುರು ರಸ್ತೆಯಲ್ಲಿ ಎರಡು ಬಸ್ಸು ಹೋದವು. ವಾಪಸ್ ಹೋಗು ಅಂತಾನೆ... ಅಂದ್ರೆ ಎಲ್ಲಿಗೆ ಹೋಗ್ಲಿ? ಅಂದುಕೊಂಡಳು ಅವಳು.

"ಕ್ಷಮಿಸೋಕೆ ಟೈಮ್ ಬೇಕು," ಅಂದ ಕೊನೆಗೆ. "ನಿಮ್ಮಪ್ಪಂಗೆ ಏನ್ ಹೇಳಿ ಬಂದೆ?"

"ಕೆಲ್ಸ ಇಲ್ದೋನ್ನೇ ಮದ್ವೆ ಆಗ್ತೀನಿ ಅಂತ."

"ಏನಂದ್ರು?"

"ಬಾಗ್ಲು ಹಾಕ್ಕೊಂಡ್ರು."

ಅವನು ಎದ್ದು ಅವಳ ಬ್ಯಾಗನ್ನು ಕೈಗೆ ತೆಗೆದುಕೊಂಡ.

"ನಮ್ಮನೆ ಬಾಗ್ಲು ಚಿಲಕ ಮುರಿದು ಎರಡು ವರ್ಷ ಆಯ್ತು," ಅಂದ. "ಬಾ ಒಳಗೆ."