ಲಾರಿಯ ಆವರೇಜು, ಅವನ ಊಟ

"ಕೈ ತೆಗೀ ಕಳ್ಳ! ಟ್ಯಾಂಕಿನ ಮ್ಯಾಲಿಂದ ಮೊದಲ ಕೈ ತೆಗೀ!"

ಬಸವನಬಾಗೇವಾಡಿಯ ಡೀಸೆಲ್ ಬಂಕಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಸುನಂದಾ ಓಡೋಡಿ ಬಂದಳು. ಅವಳ ಟ್ರೇಲರ್ ಲಾರಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದವನು ನಿಧಾನವಾಗಿ ಎದ್ದು, ಕೈಯನ್ನು ಅಂಗಿಗೆ ಒರೆಸಿಕೊಂಡ.

"ಮುಚ್ಚಳಾ ಸಡ್ಲ ಆಗಿತ್ರಿ ಬಾಯಾರ. ನಿಮ್ಮ ಡೀಸೆಲ್ ನೆಲಾ ಕುಡಿಯಾಕತ್ತಿತ್ತು, ನಾ ಅಲ್ಲ."

ಅವಳು ಬಗ್ಗಿ ನೋಡಿದಳು. ಟ್ಯಾಂಕಿನ ಕೆಳಗೆ ನೆಲ ಒದ್ದೆಯಾಗಿತ್ತು, ಮುಚ್ಚಳ ಬಿಗಿಯಾಗಿತ್ತು. ಸುನಂದಾಳ ಮುಖ ಕೆಂಪಾಯಿತು.

"ತಪ್ಪಾತ್ರಿ..."

"ಇರ್ಲಿ ಬಿಡ್ರಿ. ಹೆಸರು ಗೊತ್ತಿರಲಿಲ್ಲ, ಕಳ್ಳ ಅಂದ್ರಿ. ನನ್ನ ಹೆಸರು ಸಿದ್ದಲಿಂಗ. ಗೊಳಸಂಗಿಯಾಂವ. ನಿಮ್ಮ ಗಾಡಿಗೆ ಡ್ರೈವರ್ ಬೇಕು ಅಂತ ಕೇಳಿ ಬಂದೇನಿ."

ಅವನು ನಕ್ಕುಬಿಟ್ಟ.

ಸುನಂದಾ ಸುಮ್ಮಸುಮ್ಮನೆ ಕೂಗಾಡುವ ಹೆಣ್ಣಲ್ಲ. ಅವಳ ತಂದೆ ಚನ್ನಬಸಯ್ಯ ಜೀವನವೆಲ್ಲ ಲಾರಿ ಓಡಿಸಿದವರು. ಕಣ್ಣು ಮಂಜಾದ ಮೇಲೆ ಗಾಡಿಯನ್ನು ಮಗನಂತೆ ನಂಬಿದ ಡ್ರೈವರನ ಕೈಗೆ ಕೊಟ್ಟರು. ಅವನು ವರ್ಷಗಟ್ಟಲೆ ದಾರಿಯ ಢಾಬಾಗಳಲ್ಲಿ ಕ್ಯಾನು ಕ್ಯಾನು ಡೀಸೆಲ್ ಮಾರಿಕೊಂಡಿದ್ದ. ಅದು ತಿಳಿದ ದಿನ ಅಪ್ಪ ಊಟ ಬಿಟ್ಟು ಗೋಡೆ ನೋಡುತ್ತ ಕುಳಿತದ್ದನ್ನು ಅವಳು ಮರೆತಿಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಹಾಗಾಗಿತ್ತು ಅವಳ ಬಾಳು.

ಅಂದಿನಿಂದ ವ್ಯವಹಾರವೆಲ್ಲ ಅವಳದೇ. ಪ್ರತಿ ಟ್ರಿಪ್ ಮುಗಿದ ಮೇಲೆ ಟ್ಯಾಂಕನ್ನು ಕಂಠಮಟ್ಟ ತುಂಬಿಸುವಳು. ಮೀಟರಿನ ಕಿಲೋಮೀಟರನ್ನು ಆ ಡೀಸೆಲ್ಲಿನಿಂದ ಭಾಗಿಸುವಳು. ಲೀಟರಿಗೆ ಎಷ್ಟು ಓಡಿತು ಎಂಬ ಆ ಆವರೇಜೇ ಅವಳಿಗೆ ಡ್ರೈವರನ ಜಾತಕ. ಇನ್ನೊಂದು ನಿಯಮವೂ ಇತ್ತು. ಗಾಡಿಗೆ ಹಳೆಯ ಸಾಮಾನು ಹಾಕಿಸಬಾರದು. ನಡುದಾರಿಯಲ್ಲಿ ನಿಲ್ಲುವ ಲಾರಿ ಲಾರಿಯಲ್ಲ ಎನ್ನುವಳು.

"ಆವರೇಜ್ ಎಷ್ಟು ಕೊಡ್ತೀರಿ?" ಎಂದು ಅಂದು ಸಿದ್ದಲಿಂಗನನ್ನೂ ಕೇಳಿದ್ದಳು.

"ನಾ ಕೊಡೂದಿಲ್ರಿ, ಗಾಡಿ ಕೊಡತೈತಿ. ನಾ ಕೆಡಸೂದಿಲ್ಲ, ಅಷ್ಟ."

ಅವನು ನಿಜಕ್ಕೂ ಕೆಡಿಸಲಿಲ್ಲ. ಇಂಡಿ ಪಟ್ಟಣದಿಂದ ಸಕ್ಕರೆ, ಬರುವಾಗ ಸಿಮೆಂಟು, ಎಲ್ಲಿ ಹೋದರೂ ಲಾರಿ ಹೇಳಿದ ಹೊತ್ತಿಗೆ ಮುಟ್ಟುತ್ತಿತ್ತು. ಗಾಳಿ ಕಡಿಮೆಯಾದ ಟೈರಿನಲ್ಲಿ ಅವನು ಗಾಡಿ ಕದಲಿಸುತ್ತಿರಲಿಲ್ಲ. ನಿಂತಲ್ಲಿ ಎಂಜಿನ್ನು ಸುಮ್ಮನೆ ಉರಿಸುತ್ತಿರಲಿಲ್ಲ.

ದಿನಾ ಸಂಜೆ ಅವಳು ಫೋನ್ ಮಾಡುವಳು.

"ಎಲ್ಲಿದ್ದೀರಿ? ಮೀಟರ್ ಎಷ್ಟಾತು? ಡೀಸೆಲ್ ಎಷ್ಟೈತಿ?"

ಎಲ್ಲದಕ್ಕೂ ಉತ್ತರ ಕೊಟ್ಟು ಅವನು ಕೊನೆಗೆ ಹೇಳುವನು, "ಊಟಾನೂ ಆತ್ರಿ ಮಾಲಕರ. ನೀವು ಕೇಳಲಿಲ್ಲ, ಅದಕ್ಕ ನಾನ ಹೇಳಿದೆ."

ಫೋನಿಟ್ಟು ಅವಳು ಒಬ್ಬಳೇ ನಗುವಳು. ಕೇಳಬೇಕು ಅಂತ ದಿನಾ ಅಂದುಕೊಳ್ಳುವಳು... ನಾಲಿಗೆಯ ಮೇಲೆ ಮೀಟರೇ ಮೊದಲು ಬರುತ್ತಿತ್ತು.

ಒಂದು ಸಂಜೆ ಮೀಟರು ಹೇಳಿದ ಮೇಲೆ ಅವನು ಊಟದ ಮಾತೆತ್ತಲಿಲ್ಲ.

"ಬಸವ ಜಯಂತಿ ಆದ ಮ್ಯಾಲ ನಮ್ಮವ್ವನ್ನ ನಿಮ್ಮ ಮನಿಗೆ ಕರಕೊಂಡ ಬರ್ತೇನಿ. ನಿಮ್ಮಪ್ಪಾರ ಕಡೆ ಮಾತಾಡಾಕ. ಬರಲ್ಯೋ, ಬ್ಯಾಡೋ?"

ಸುನಂದಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"...ಬರ್ರಿ," ಎಂದಳು. ಅದೊಂದು ದಿನ ಡೀಸೆಲ್ ಕೇಳುವುದನ್ನೇ ಮರೆತಳು.

ಅದೇ ವಾರ ಸಿಂದಗಿ ಹತ್ತಿರ ಲಾರಿಯ ಕ್ರೌನ್ ಮುರಿಯಿತು. ಹಿಂದಿನ ಗಾಲಿಗಳನ್ನು ತಿರುಗಿಸುವ ಹಲ್ಲುಚಕ್ರದ ಜೋಡಿ ಅದು. ಸಿದ್ದಲಿಂಗನ ತಾಯಿ ಚನ್ನವ್ವಳಿಗೆ ಜ್ವರವೆಂದು ಅವನು ಊರಿಗೆ ಹೋದ. ಚನ್ನಬಸಯ್ಯನವರೇ ಸಿಂದಗಿಯ ಗ್ಯಾರೇಜಿನಲ್ಲಿ ಕುಳಿತು ರಿಪೇರಿ ಮಾಡಿಸಿ, "ಹೊಸಾದ ಹಾಕಿಸೇನವಾ," ಎಂದರು. ಮರಳಿ ಬಂದ ಸಿದ್ದಲಿಂಗ ಲಾರಿ ತೆಗೆದುಕೊಂಡು ಹೋದ.

ಆ ಟ್ರಿಪ್ಪಿನ ಆವರೇಜು ಕುಸಿದಿತ್ತು.

ಇರಲಿ ಅಂದುಕೊಂಡಳು. ಮುಂದಿನದ್ದೂ ಕುಸಿಯಿತು. ಅದರ ಮುಂದಿನದ್ದೂ.

"ಯಾಕ ಹಿಂಗಾಗಾಕತ್ತೈತಿ?"

"ಗೊತ್ತಿಲ್ರಿ. ನನಗೂ ತಿಳಿವಲ್ದು. ರಿಪೇರಿ ಆದಾಗಿಂದ ಗಾಡಿ ಹಗುರ ಓಡತೈತಿ. ಏರಿನಾಗ ಸ್ವಲ್ಪ ಬಿಗಿ ಅನಸತೈತಿ, ಸಪಾಟ ರಸ್ತಾದಾಗ ಹೂವಿನಂಗ ಹೊಕ್ಕೈತಿ. ಖರೇ ಅಂದ್ರ ಡೀಸೆಲ್ ಉಳೀಬೇಕು."

ಉಳಿಯಬೇಕಾದದ್ದು ಎಲ್ಲಿ ಹೋಯಿತು? ಅವಳೊಳಗೆ ಹಳೆಯ ಗಾಯ ಬಾಯಿ ತೆರೆಯಿತು. ಆ ಹಳೆಯ ಡ್ರೈವರನೂ ಹೀಗೇ ಸಿಹಿಯಾಗಿ ಮಾತಾಡುತ್ತಿದ್ದ...

ಅಷ್ಟರಲ್ಲಿ ಒಂದು ಮಧ್ಯಾಹ್ನ ಸಿಂದಗಿಗೆ ಹೊರಟ ಬಸ್ಸಿನ ಕಿಟಕಿಯಿಂದ ಅವಳಿಗೆ ತನ್ನ ಲಾರಿ ಕಂಡಿತು. ಒಂದು ಢಾಬಾದ ಹಿಂದೆ ನಿಂತಿತ್ತು. ಡೀಸೆಲ್ ಕೊಳ್ಳುತ್ತಾರೆಂದು ಡ್ರೈವರುಗಳೆಲ್ಲ ಆಡಿಕೊಳ್ಳುವ ಢಾಬಾ ಅದು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಸುನಂದಾಳಿಗೆ ಇನ್ನು ಬೇರೆ ಸಾಕ್ಷಿ ಬೇಕಾಗಲಿಲ್ಲ. ಬಸ್ಸಿನ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿ ಅತ್ತಳು. ನನ್ನ ಗಾಡಿಯನ್ನಷ್ಟೇ ಅಲ್ಲ, ನನ್ನನ್ನೂ ಕೊರೆದು ತಿಂದನಲ್ಲ... ಅವ್ವನನ್ನು ಕರೆದುಕೊಂಡು ಬರುತ್ತಾನಂತೆ!

ಮರುದಿನ ಬೆಳಿಗ್ಗೆ ಅದೇ ಬಂಕಿನಲ್ಲಿ, ಅದೇ ಮಂದಿಯ ಮುಂದೆ ಕೇಳಿದಳು.

"ಢಾಬಾದ ಹಿಂದ ಏನ ಮಾಡಾಕತ್ತಿದ್ರಿ?"

"ನಿದ್ದಿ ಬಂದಿತ್ತು. ಮಲಗಿದ್ದೆ."

"ಡೀಸೆಲ್ ಎಷ್ಟಕ್ಕ ಮಾರಿದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಸಿದ್ದಲಿಂಗ ಅಲುಗಾಡಲಿಲ್ಲ. ಲಾರಿಯ ಕೀಲಿಯನ್ನು ಬಂಕಿನ ಕಟ್ಟೆಯ ಮೇಲಿಟ್ಟ.

"ಮೊದಲನೇ ಸಲ ಕಳ್ಳ ಅಂದಾಗ ನನ್ನ ಹೆಸರು ನಿಮಗ ಗೊತ್ತಿರಲಿಲ್ಲ. ನಕ್ಕೆ. ಈಗ ಗೊತ್ತೈತಲ್ರಿ."

ಅವನು ನಡೆದುಹೋದ. ಒಮ್ಮೆಯೂ ತಿರುಗಲಿಲ್ಲ.

"ಹೆಚ್ಚಿನ ಪಗಾರ ಸಿಕ್ತಂತ, ಹೋದ," ಎಂದು ಅಪ್ಪನಿಗೆ ಸುಳ್ಳು ಹೇಳಿದಳು. ಮೋಸ ಹೋದೆ ಎಂದು ಹೇಳಿಕೊಳ್ಳಲು ಅವಳ ಸ್ವಾಭಿಮಾನ ಒಪ್ಪಲಿಲ್ಲ. ಬಸವ ಜಯಂತಿ ಬಂತು, ಹೋಯಿತು. ಬಾಗಿಲು ಬಡಿದಾಗಲೆಲ್ಲ ಅವಳು ಬೆಚ್ಚುತ್ತಿದ್ದಳು. ತನಗೆ ಮೋಸ ಮಾಡಿದವನಿಗಾಗಿ ಕಾಯುವ ತನ್ನ ಮನಸ್ಸನ್ನೇ ಬೈದುಕೊಂಡಳು.

ಹೊಸ ಡ್ರೈವರ್ ಭೀಮಶ್ಯಾ ಬಂದ. ಅವನ ಆವರೇಜೂ ಅಷ್ಟೇ!

ಇವನೂ ಕಳ್ಳನೇ? ಈ ಸಲ ಸುನಂದಾ ತಾನೇ ಬುತ್ತಿ ಕಟ್ಟಿಕೊಂಡು ಕ್ಯಾಬಿನ್ ಹತ್ತಿದಳು. ಮುದ್ದೇಬಿಹಾಳದ ದಾರಿ. ಲಾರಿ ನಿಂತಲ್ಲೆಲ್ಲ ಅವಳು ಟ್ಯಾಂಕಿನ ಮೇಲಿನ ಕಣ್ಣು ತೆಗೆಯಲಿಲ್ಲ. ಭೀಮಶ್ಯಾ ಎಲ್ಲೂ ಒಂದು ಹನಿ ಮುಟ್ಟಲಿಲ್ಲ.

ಮತ್ತೆ ಡೀಸೆಲ್ ಎಲ್ಲಿ ಹೋಗುತ್ತಿದೆ?

ಬೇಸರಕ್ಕೆ ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತ ಕುಳಿತಳು. ಎಣಿಸುತ್ತ ಎಣಿಸುತ್ತ ಮೀಟರಿನ ಕಡೆ ಕಣ್ಣು ಹೋಯಿತು. ಕಲ್ಲುಗಳು ಹತ್ತು ದಾಟಿದ್ದವು. ಮೀಟರು ಒಂಬತ್ತೇ ಅನ್ನುತ್ತಿತ್ತು.

ಮತ್ತೆ ಎಣಿಸಿದಳು. ಮತ್ತೆ ಅಷ್ಟೇ.

ಮರಳುವಾಗ ಲಾರಿಯನ್ನು ನೇರ ಸಿಂದಗಿಯ ಗ್ಯಾರೇಜಿಗೆ ತಿರುಗಿಸಿದಳು. ಮಿಸ್ತ್ರಿ ಇಸಾಕ ಸಹಜವಾಗಿ ಹೇಳಿದ, "ನಿಮ್ಮಪ್ಪಾರ ಹಳೇ ಗಾಡಿ ಕ್ರೌನ್ ಹಾಕೇವಲ್ರಿ. ಅದರ ಹಲ್ಲಿನ ಲೆಕ್ಕಾನ ಬ್ಯಾರೆ. ಎಂಜಿನ್ ಕಡಿಮಿ ತಿರಗತೈತಿ, ಗಾಡಿ ಅಷ್ಟ ದೂರ ಓಡತೈತಿ. ಮೀಟರ್ ಗಾಲಿ ನೋಡಿ ಅಲ್ಲ, ಗೇರ್ ಬಾಕ್ಸಿನಿಂದ ಎಣಿಸತೈತಿ, ಅದಕ್ಕ ಕಡಿಮಿ ತೋರಸತೈತಿ. ಮೀಟರ್ ಸೆಟ್ ಮಾಡಸ್ರಿ ಅಂತ ಅಪ್ಪಾರಿಗೆ ಹೇಳಿದ್ದೆ."

ಕಲ್ಲುಗಳ ಲೆಕ್ಕ ಹಿಡಿದರೆ ಆವರೇಜು ಕುಸಿದೇ ಇರಲಿಲ್ಲ. ಏರಿತ್ತು. "ಖರೇ ಅಂದ್ರ ಡೀಸೆಲ್ ಉಳೀಬೇಕು" ಎಂದಿದ್ದನಲ್ಲ... ಉಳಿದಿತ್ತು. ಅವನು ನಿಜ ಹೇಳಿದ್ದ, ಅವಳು ಮೀಟರನ್ನು ನಂಬಿದ್ದಳು.

ಮನೆಯಲ್ಲಿ ಅಪ್ಪನ ಮುಂದೆ ನಿಂತಳು. ಚನ್ನಬಸಯ್ಯನವರ ತಲೆ ತಗ್ಗಿತು.

"ನಾ ಓಡಸ್ತಿದ್ದ ಆ ಹಳೇ ಗಾಡಿ ಗುಜರಿಗೆ ಹೋದಾಗ ಕ್ರೌನ್ ಒಂದ ಉಳಿಸಿಕೊಂಡಿದ್ದೆ. ನನಗ ಇನ್ನ ಓಡಸಾಕ ಆಗೂದಿಲ್ಲ. ಅದರ ತುಣುಕರೆ ರಸ್ತಾದ ಮ್ಯಾಲ ಇರ್ಲಿ ಅಂತ ಆಸಿ ಆತು. ಹಳೇದು ಅಂದ್ರ ನೀ ಬೈತಿ ಅಂತ ಮೀಟರಿನ ಸುದ್ದೀನ ತಗೀಲಿಲ್ಲ."

"ಅಪ್ಪಾ... ಸಿದ್ದಲಿಂಗ ಪಗಾರಕ್ಕ ಹೋಗಿಲ್ಲ. ನಾ ಮಂದಿ ಮುಂದ ಕಳ್ಳ ಅಂದೆ."

ಚನ್ನಬಸಯ್ಯನವರು ಕೋಲು ಹುಡುಕಿದರು.

"ಅಂವನ ಅವ್ವನ ಕಾಲಿಗೆ ನಾ ಬೀಳಬೇಕು. ಅಂವಂದು ನೀ ನೋಡ್ಕೋ."

ಸಿದ್ದಲಿಂಗ ಇಂಡಿಯ ನಿಂಬೆಹಣ್ಣಿನ ಮಾರುಕಟ್ಟೆಯಲ್ಲಿ ಯಾರದೋ ಸಣ್ಣ ಗಾಡಿ ಓಡಿಸುತ್ತಿದ್ದ. ಚೀಲಗಳಿಗೆ ಹಗ್ಗ ಬಿಗಿಯುತ್ತಿದ್ದವನು ಅವಳನ್ನು ಕಂಡೂ ಹಗ್ಗ ಬಿಡಲಿಲ್ಲ.

ಅವಳು ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಕ್ರೌನು, ಕಲ್ಲು, ಮೀಟರು. "ನನ್ನದ ತಪ್ಪು," ಎಂದು ಪಿಸುಗುಟ್ಟಿದಳು.

"ಮಂದಿ ಮುಂದ ಕಳ್ಳ ಅಂದ್ರಿ. ಈಗ ಕಿವ್ಯಾಗ ತಪ್ಪು ಅಂತೀರಿ."

ಸುನಂದಾ ಸುತ್ತ ನೋಡಿದಳು. ದಲಾಲರು, ಹಮಾಲರು, ಹಣ್ಣು ಆರಿಸುವ ಹೆಂಗಸರು. ಚೀಲದ ರಾಶಿಯ ಪಕ್ಕದ ಕಟ್ಟೆ ಹತ್ತಿ ನಿಂತಳು.

"ಎಲ್ಲಾರೂ ಕೇಳ್ರಿ. ನನ್ನ ಗಾಡಿ ಓಡಸಿದ ಈ ಸಿದ್ದಲಿಂಗಗ ನಾ ಡೀಸೆಲ್ ಕಳ್ಳ ಅಂದಿದ್ದೆ. ಅಂವ ಕಳ್ಳ ಅಲ್ಲ. ಮೀಟರ್ ಸುಳ್ಳ ಹೇಳಿತ್ತು, ನಾ ಅದನ್ನ ನಂಬಿ ಅಂವನ್ನ ಕಳಕೊಂಡೆ. ಅಂವ ಇಲ್ಲದ ನನಗ ಆಗೂದಿಲ್ಲ."

ಹಮಾಲರು ಚೀಲ ಇಳಿಸಿ ನೋಡಿದರು. ಹಣ್ಣು ಆರಿಸುತ್ತಿದ್ದ ಸಾತವ್ವ ಎಂಬ ಮುದುಕಿ, "ಇಳಿಸ್ಕೊಳ್ಳೋ ತಮ್ಮಾ, ಬಿದ್ದಾಳ," ಎಂದಳು.

ಸಿದ್ದಲಿಂಗ ಕೈ ಚಾಚಿದ. ಅವಳು ಹಿಡಿದು ಇಳಿದಳು, ಇಳಿದ ಮೇಲೂ ಬಿಡಲಿಲ್ಲ.

"ನಮ್ಮಪ್ಪ ಮುಂಜಾನೆ ಗೊಳಸಂಗಿಗೆ ಹೋಗ್ಯಾನ. ನಿಮ್ಮವ್ವನ ಕಡೆ," ಎಂದಳು. "ನಾ ಇನ್ನ ಮ್ಯಾಲ ಮೀಟರ್ ನೋಡೂದಿಲ್ಲ."

"ನೋಡ್ಬೇಕ್ರಿ. ನೋಡದಿದ್ರ ಗಾಡಿ ಕೆಡತೈತಿ." ಅವನು ಮುಖ ಪಕ್ಕಕ್ಕೆ ತಿರುಗಿಸಿದ. "ನನಗ ಭಾಳ ನೋವಾಗೈತಿ ಸುನಂದಾ. ಒಂದ ದಿನಕ್ಕ ಹೋಗೂದಲ್ಲ ಅದು. ಆದರ ಇನ್ನೊಮ್ಮಿ ಕಡಿಮಿ ಬಂದ ದಿನ ಮೀಟರ್ ಕೇಳೂಕಿಂತ ಮೊದಲ ನನ್ನ ಕೇಳು."

"ಏನಂತ ಕೇಳಲಿ?"

ಸುನಂದಾ ಕಣ್ಣೊರೆಸಿಕೊಂಡು ಕಂಕುಳಲ್ಲಿದ್ದ ಬುತ್ತಿಯ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ.

"ಊಟಾ ಆತೇನ್ರಿ?"

"ಇಲ್ಲ," ಎಂದ ಸಿದ್ದಲಿಂಗ. "ಇಷ್ಟ ದಿನ ಯಾರೂ ಕೇಳಿರಲಿಲ್ಲ."