ಹೆಬ್ಬೆರಳ ಗುರುತು

ನನ್ನದು ಹಳೇ ನಾಣ್ಯಗಳ ಅಂಗಡಿ. ಸವೆದು ನುಣ್ಣಗಾದ ತಾಮ್ರದ ಕಾಸು ಬ್ರಿಟಿಷರದೋ ಫ್ರೆಂಚರದೋ ಎಂದು ನಾನು ಮಸೂರ ಹಿಡಿದು ತಿಣುಕುತ್ತಿದ್ದರೆ, ನನ್ನ ಹೆಂಡತಿ ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರಿ ಹೇಳಿಬಿಡುತ್ತಿದ್ದಳು: "ಮೂರು ಹೂವು ಸಿಕ್ತು ರೀ, ಫ್ರೆಂಚರದು." ಕೂತ ಹೆಂಗಸಿನ ಅಚ್ಚು ಸಿಕ್ಕರೆ ಬ್ರಿಟಿಷರದು. ಒಮ್ಮೆಯೂ ತಪ್ಪಲಿಲ್ಲ.

ಆದರೆ ಬೆರಳಿನ ಬೆವರು ತಾಗಿದರೆ ತಾಮ್ರ ಕಪ್ಪಾಗುತ್ತದೆ. ನಮ್ಮ ಕಸುಬಿನಲ್ಲಿ ಅಂಚು ಮಾತ್ರ ಹಿಡಿಯಬೇಕು. ಒಂದು ದಿನ ಗಿರಾಕಿಯ ಮುಂದೆಯೇ ರೇಗಿದೆ. "ಎಷ್ಟು ಸಲ ಹೇಳ್ಬೇಕೇ ನಿಂಗೆ? ಮುಟ್ಟಿ ಮುಟ್ಟಿ ಹಾಳ್ಮಾಡ್ತೀಯ!"

"ಆಯ್ತು ಬಿಡಿ, ಇನ್ಮೇಲೆ ಮುಟ್ಟಲ್ಲ," ಎಂದಳು. ಆಮೇಲೆ ಮುಟ್ಟಲೇ ಇಲ್ಲ. ಆ ಚಳಿಗಾಲದಲ್ಲೇ ತೀರಿಕೊಂಡಳು.

ಅದಾಗಿ ವರ್ಷ ಕಳೆದು, ಮೊನ್ನೆ ಮಧ್ಯಾಹ್ನ, ದೂರದ ಊರಿಂದ ಅರಗಿನ ಮೊಹರು ಹಾಕಿದ ಪೊಟ್ಟಣವೊಂದು ಬಂತು. ಒಳಗೆ ನಲವತ್ತು ಸವಕಲು ಕಾಸು. ಹದಿನೇಳರ ಮೇಲೆ ಕಪ್ಪಗೆ ಹೆಬ್ಬೆರಳ ಗುರುತು, ಅದರ ನಡುವೆ ಒಂದು ಅಡ್ಡಗೆರೆ. ಅವಳ ಹೆಬ್ಬೆರಳಲ್ಲೂ ಚಾಕು ತಾಗಿದ ಅಂಥದೇ ಕಲೆಯಿತ್ತು.

ಒಂದೊಂದೇ ಕಾಸಿನ ಮೇಲೆ ಕಾಗದ ಹೊದಿಸಿ ಪೆನ್ಸಿಲ್ ಉಜ್ಜಿದೆ. ಆ ಹದಿನೇಳರಲ್ಲೂ ಮೂರು ಹೂವು ಮೂಡಿದವು. ಉಳಿದವುಗಳಲ್ಲೆಲ್ಲ ಕೂತ ಹೆಂಗಸು. ಗುರುತಿದ್ದ ಕೊನೆಯ ಕಾಸನ್ನು ಅಂಗೈಗೆ ಹಾಕಿಕೊಂಡೆ. ಯಾರೋ ಆಗತಾನೇ ಕೆಳಗಿಟ್ಟಂತೆ ಬೆಚ್ಚಗಿತ್ತು.

ಪೊಟ್ಟಣದ ಮೊಹರು ಒಡೆದವನು ನಾನೇ.